ಹದಿನೆಂಟು ನಿಮಿಷದ ನದಿ

ಮೊದಲು ಹಕ್ಕಿಗಳ ದನಿ. ಅದರ ಹಿಂದೆ ಹರಿಯುವ ನೀರಿನ ಸದ್ದು. ಎರಡರ ನಡುವಿನಿಂದ ಮೆಲ್ಲಗೆ ಏರಿಬರುವ ಕೀಬೋರ್ಡಿನ ನಾದ. ಹೆಚ್ಚುಕಡಿಮೆ ಒಂದು ನಿಮಿಷ ಇಷ್ಟೇ. ಹಾಡು ಶುರುವಾಯಿತೋ ಇಲ್ಲವೋ ಎಂದು ಕೇಳುಗ ಅನುಮಾನಿಸುವ ಹೊತ್ತಿಗೆ ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್ ನಾಲ್ಕೂ ಒಮ್ಮೆಗೇ ಮೇಲೆರಗುತ್ತವೆ. ಗಿಟಾರ್ ಒಂದು ದಾರಿ ಹಿಡಿದರೆ ಬೇಸ್‌ನದು ಇನ್ನೊಂದು ದಾರಿ. ಅಪಸ್ವರವೆನಿಸುವ ಸ್ವರಗಳು ಅಂಜಿಕೆಯಿಲ್ಲದೆ ನುಗ್ಗುತ್ತವೆ. ತಾಳ ಎಲ್ಲಿ ಹಾಕಬೇಕೆಂದು ಕೈಗೆ ತಿಳಿಯುವುದಿಲ್ಲ. ನಡುನಡುವೆ ವಾದ್ಯಗಳೆಲ್ಲ ಗಕ್ಕನೆ ನಿಂತು ಗಾಯಕರು ಒಕ್ಕೊರಲಿನಿಂದ 'ಆ' ಎನ್ನುತ್ತಾರೆ. ಮರುಕ್ಷಣ ಮತ್ತದೇ ಗದ್ದಲ. ಹಾಡಿಕೊಳ್ಳಬಹುದಾದ ಒಂದು ನೇರ ಧಾಟಿ ಗಿಟಾರಿನಿಂದ ಎದ್ದು ಬರುವುದು ಮೂರನೆಯ ನಿಮಿಷದ ಹತ್ತಿರ.

ಇಂಗ್ಲೆಂಡಿನ 'ಯೆಸ್' ತಂಡ 1972ರ ಸೆಪ್ಟೆಂಬರಿನಲ್ಲಿ ಹೊರತಂದ 'ಕ್ಲೋಸ್ ಟು ದಿ ಎಡ್ಜ್' ಆಲ್ಬಮ್ ಶುರುವಾಗುವುದು ಹೀಗೆ. ಇದನ್ನು ಮೆಚ್ಚಿಕೊಳ್ಳಲಿ ಎಂದು ಯಾರಿಗಾದರೂ ಕೇಳಿಸಿದಾಗ ಅವರು ಕೈಬಿಡುವುದು ಸಾಮಾನ್ಯವಾಗಿ ಈ ಎರಡು ನಿಮಿಷಗಳಲ್ಲೇ. ಅವರನ್ನು ದೂರಲಾರೆ. ಆದರೆ ಆ ಎರಡು ನಿಮಿಷಗಳನ್ನು ಹಾರಿಸಿ ಮುಂದಿನ ಭಾಗವನ್ನು ಮಾತ್ರ ಕೇಳಿದರೆ ಮೂರನೆಯ ನಿಮಿಷದ ಆ ಧಾಟಿ ಬರಿಯ ಒಂದು ಚೆಂದದ ಧಾಟಿಯಾಗಿ ಉಳಿಯುತ್ತದೆ. ಗದ್ದಲವನ್ನು ದಾಟಿ ಬಂದವರಿಗೆ ಅದು ಬಿಡುಗಡೆಯಾಗಿ ಕೇಳುತ್ತದೆ. ಈ ಆಲ್ಬಮ್ಮಿನಲ್ಲಿ ಪ್ರತಿ ಸ್ವರದ ಬೆಲೆಯೂ ಅದಕ್ಕಿಂತ ಮೊದಲು ಏನು ಕೇಳಿದ್ದೇವೆ ಎಂಬುದರ ಮೇಲೆ ನಿಂತಿದೆ. ಆಲ್ಬಮ್ಮಿನ ಹೆಸರನ್ನೇ ಹೊತ್ತ ಈ ಮೊದಲ ಹಾಡು ಹದಿನೆಂಟು ನಿಮಿಷ ಮುಕ್ಕಾಲು ಇರುವುದು ವಾದಕರ ಮೆರೆದಾಟಕ್ಕಲ್ಲ. ಒಂದು ರಾಗಸಾಲು ನಮ್ಮ ನೆನಪಿನಲ್ಲಿ ಇಳಿದು, ಮರೆಯಾಗಿ, ಬೇರೆ ರೂಪದಲ್ಲಿ ಮರಳಿ ಬರಲು ಅಷ್ಟು ಹೊತ್ತು ಬೇಕು. ಪ್ರೊಗ್ರೆಸಿವ್ ರಾಕ್ ಎಂಬ ಇಡೀ ಪ್ರಕಾರದ ಪರವಾಗಿ ನಾನು ಕೊಡಬಲ್ಲ ಒಂದೇ ಒಂದು ಸಾಕ್ಷಿ ಯಾವುದೆಂದು ಕೇಳಿದರೆ ಈ ಹಾಡನ್ನೇ ಮುಂದಿಡುತ್ತೇನೆ.

ಆ ಪ್ರಕಾರದ ಬಗ್ಗೆ ಎರಡು ಮಾತು. ಅರವತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಯುವ ವಾದಕರಿಗೆ ಮೂರು ನಿಮಿಷದ ಪಾಪ್ ಹಾಡಿನ ಚೌಕಟ್ಟು ಬಿಗಿಯೆನಿಸತೊಡಗಿತು. ಅವರು ಚರ್ಚಿನ ಗಾಯನ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಜಾನಪದ ಎಲ್ಲವನ್ನೂ ಕೇಳಿ ಬೆಳೆದವರು. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಬಂತು. 1971ರಲ್ಲಿ ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ತಂಡ 'ಟಾರ್ಕಸ್' ಎಂಬ ಒಂದೇ ಕೃತಿಯಿಂದ ಎಲ್‌ಪಿಯ ಇಡೀ ಒಂದು ಮಗ್ಗುಲನ್ನು ತುಂಬಿತು. 1972ರಲ್ಲಿ ಜೆಥ್ರೋ ಟಲ್ ತಂಡ ತಟ್ಟೆಯ ಎರಡೂ ಮಗ್ಗುಲಿಗೆ ಒಂದೇ ಹಾಡನ್ನು ಹಬ್ಬಿಸಿತು. ಜೆನೆಸಿಸ್ ತಂಡದ 'ಸಪ್ಪರ್ಸ್ ರೆಡಿ' ಬಂದದ್ದೂ ಅದೇ ವರ್ಷ. ಉದ್ದ ಹಾಡು ಆಗ ಹೊಸತಾಗಿರಲಿಲ್ಲ. ಆದರೆ ಇವುಗಳಲ್ಲಿ ಬಹಳಷ್ಟು ಚಿಕ್ಕ ಹಾಡುಗಳನ್ನು ಸಾಲಾಗಿ ಪೋಣಿಸಿದ ಮಾಲೆಗಳು. ಒಂದೇ ಉಸಿರಿನಲ್ಲಿ ಬೆಳೆದು ಮುಗಿಯುವ ಉದ್ದ ಹಾಡು ಅಪರೂಪ.

ಯೆಸ್ ತಂಡವನ್ನು 1968ರಲ್ಲಿ ಗಾಯಕ ಜಾನ್ ಆ್ಯಂಡರ್ಸನ್ ಮತ್ತು ಬೇಸ್ ಗಿಟಾರ್ ವಾದಕ ಕ್ರಿಸ್ ಸ್ಕ್ವಯರ್ ಕಟ್ಟಿದರು. ಡ್ರಮ್ಸ್‌ಗೆ ಬಿಲ್ ಬ್ರೂಫರ್ಡ್ ಮೊದಲಿನಿಂದಲೂ ಇದ್ದ. ಗಿಟಾರ್ ವಾದಕ ಸ್ಟೀವ್ ಹೌ 1970ರಲ್ಲಿ, ಕೀಬೋರ್ಡಿನ ರಿಕ್ ವೇಕ್‌ಮನ್ 1971ರಲ್ಲಿ ಸೇರಿದರು. ಅದೇ ವರ್ಷದ 'ಫ್ರಜೈಲ್' ಆಲ್ಬಮ್ಮಿನ 'ರೌಂಡ್‌ಅಬೌಟ್' ಹಾಡು ಅಮೆರಿಕದ ರೇಡಿಯೋಗಳಲ್ಲಿ ಗೆದ್ದಿತು. ಆ ಗೆಲುವು ತಂದ ಧೈರ್ಯ ಮುಂದಿನ ಆಲ್ಬಮ್ಮಿನಲ್ಲಿ ಎದ್ದು ಕಾಣುತ್ತದೆ. ಇಡೀ ಆಲ್ಬಮ್ಮಿನಲ್ಲಿ ಮೂರೇ ಹಾಡು. ಮೊದಲ ಮಗ್ಗುಲಿಗೆ ಒಂದು, ಎರಡನೆಯದಕ್ಕೆ ಎರಡು. ಒಟ್ಟು ಮೂವತ್ತೆಂಟು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ.

ಶೀರ್ಷಿಕೆ ಹಾಡಿಗೆ ನಾಲ್ಕು ಭಾಗಗಳಿವೆ: 'ದಿ ಸಾಲಿಡ್ ಟೈಮ್ ಆಫ್ ಚೇಂಜ್', 'ಟೋಟಲ್ ಮಾಸ್ ರಿಟೇನ್', 'ಐ ಗೆಟ್ ಅಪ್, ಐ ಗೆಟ್ ಡೌನ್', 'ಸೀಸನ್ಸ್ ಆಫ್ ಮ್ಯಾನ್'. ಮೊದಲ ಭಾಗದಲ್ಲಿ ಗದ್ದಲ ತಣಿದ ಮೇಲೆ ಆ್ಯಂಡರ್ಸನ್‌ನ ದನಿ ಬರುತ್ತದೆ. ಅದು ಗಂಡಸರ ಕಂಠಕ್ಕೆ ತೀರ ಮೇಲಿನ ಸ್ಥಾಯಿ. ಆದರೆ ಕಳ್ಳಕಂಠವಲ್ಲ, ಅವನಿಗೆ ಅದೇ ಸಹಜ. ಅವನು ಹಾಡುವ ಚರಣದ ಧಾಟಿ ಸರಳವಾಗಿದೆ, ಕೆಳಗೆ ನಡೆಯುತ್ತಿರುವ ಲಯ ಮಾತ್ರ ಸರಳವಾಗಿಲ್ಲ. ಎರಡನೆಯ ಭಾಗದಲ್ಲಿ ಅದೇ ಚರಣದ ಧಾಟಿ ಮರಳುತ್ತದೆ. ಗಾಯಕ ಹೆಚ್ಚೇನೂ ಬದಲಿಸುವುದಿಲ್ಲ. ಬೇಸ್ ಮತ್ತು ಡ್ರಮ್ಸ್ ಮಾತ್ರ ಕಾಲಡಿಯ ನೆಲವನ್ನೇ ಸರಿಸಿಬಿಡುತ್ತವೆ. ಒತ್ತು ಬೀಳುವ ಜಾಗಗಳು ಬೇರೆಯಾಗಿ, ಗೊತ್ತಿರುವ ಧಾಟಿಯೇ ಅವಸರದ್ದಾಗಿ, ಕಳವಳದ್ದಾಗಿ ಕೇಳುತ್ತದೆ.

ರಾಗ ತಾನ ಪಲ್ಲವಿ ಕೇಳಿ ಅಭ್ಯಾಸವಿರುವ ನಮ್ಮವರಿಗೆ ಇಲ್ಲಿ ಒಂದು ಬಾಗಿಲು ಸುಲಭವಾಗಿ ತೆರೆಯುತ್ತದೆ. ಪಲ್ಲವಿಯ ಒಂದೇ ಸಾಲನ್ನು ತಾಳ ಕೆಡದಂತೆ ಹಲವು ಕಾಲಗಳಲ್ಲಿ ಹಾಡಿದಾಗ ಸಿಗುವ ಸುಖ ನಮಗೆ ಗೊತ್ತು. ಸಾಲು ಅದೇ, ಅದರ ಹರವು ಬೇರೆ. ಕೇಳುಗನ ನೆನಪು ಮೊದಲಿನದನ್ನು ಹಿಡಿದಿಟ್ಟುಕೊಂಡಿದ್ದರೆ ಮಾತ್ರ ಆ ಸುಖ. ಯೆಸ್ ತಂಡ ಕೇಳುಗನಿಂದ ಬೇಡುವುದೂ ಅಂಥದೇ ಗಮನವನ್ನು. ವ್ಯತ್ಯಾಸವೂ ದೊಡ್ಡದಿದೆ. ನಮ್ಮಲ್ಲಿ ತಾಳವೂ ಶ್ರುತಿಯೂ ಅಲುಗದೆ ನಿಂತಿರುತ್ತವೆ, ಅವುಗಳ ಆಸರೆಯಲ್ಲಿ ಸಾಲು ಚಲಿಸುತ್ತದೆ. ಇಲ್ಲಿ ಸಾಲು ನಿಲ್ಲುತ್ತದೆ, ಅದರ ಕೆಳಗಿನ ತಾಳ ಮತ್ತು ಸ್ವರಗುಚ್ಛಗಳು ಚಲಿಸುತ್ತವೆ. ಒಂದೇ ಸ್ವರ ಬೇರೆ ಬೇರೆ ಸ್ವರಗುಚ್ಛಗಳ ಮೇಲೆ ಕೂತಾಗ ಒಮ್ಮೆ ನೆಮ್ಮದಿಯಾಗಿ, ಒಮ್ಮೆ ಪ್ರಶ್ನೆಯಾಗಿ ಕೇಳುವುದು ಪಾಶ್ಚಾತ್ಯ ಸಂಗೀತದ ದೊಡ್ಡ ಶಕ್ತಿ. ರಾಕ್ ಸಂಗೀತದವರು ಅದನ್ನು ಇಷ್ಟು ದೂರದವರೆಗೆ ಒಯ್ದದ್ದು ಕಡಿಮೆ. ಅಮೆರಿಕದ ಸಂಗೀತ ವಿದ್ವಾಂಸ ಜಾನ್ ಕೋವಾಕ್ 1997ರಲ್ಲಿ ಈ ಹಾಡಿನ ರಚನೆಯ ಮೇಲೆ ಒಂದು ದೀರ್ಘ ಪ್ರಬಂಧವನ್ನೇ ಬರೆದರು. ಶಾಸ್ತ್ರೀಯ ಸಿಂಫೊನಿಗಳನ್ನು ಬಿಡಿಸಿ ನೋಡುವ ಸಾಧನಗಳನ್ನೇ ಈ ಹಾಡಿಗೂ ಹಚ್ಚಿದರೆ ಅದು ತಡೆದುಕೊಳ್ಳುತ್ತದೆ.

ಎಂಟೂವರೆ ನಿಮಿಷದ ಹೊತ್ತಿಗೆ ಎಲ್ಲವೂ ನಿಲ್ಲುತ್ತದೆ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಕತ್ತಲ ಗುಹೆಯಲ್ಲಿ ಹನಿ ತೊಟ್ಟಿಕ್ಕುವ ಹಾಗೆ ಕೀಬೋರ್ಡಿನ ಸ್ವರಗಳು. ಈ ಮೂರನೆಯ ಭಾಗವೇ ನನ್ನ ಪಾಲಿಗೆ ಹಾಡಿನ ಹೃದಯ. ಸ್ಕ್ವಯರ್ ಮತ್ತು ಹೌ ಮೆಲುದನಿಯಲ್ಲಿ ಒಂದು ಸಾಲು ಹಾಡುತ್ತಾರೆ, ಆ್ಯಂಡರ್ಸನ್ ಅದರ ಮೇಲೆ ಬೇರೆಯೇ ಮಾತುಗಳ ಬೇರೆಯೇ ಸಾಲು ಹಾಡುತ್ತಾನೆ. ಎರಡೂ ಒಂದನ್ನೊಂದು ಕಾಯದೆ, ಒಂದನ್ನೊಂದು ತಡೆಯದೆ ಸಾಗುತ್ತವೆ. ಸ್ಕ್ವಯರ್ ಹುಡುಗನಾಗಿದ್ದಾಗ ಚರ್ಚಿನ ಗಾಯನವೃಂದದಲ್ಲಿ ಹಾಡಿದವನು, ಆ ಶಿಸ್ತು ಇಲ್ಲಿ ಕೇಳುತ್ತದೆ. ಈ ಭಾಗಕ್ಕೆ ಹೆಸರು ಕೊಟ್ಟ ಸಾಲನ್ನು ನಾವು ಮೊದಲೇ ಕೇಳಿದ್ದೇವೆ. ಮೊದಲ ಭಾಗದ ಕೊನೆಯಲ್ಲಿ ಅದು ಅವಸರದಲ್ಲಿ ಹಾದು ಹೋಗಿತ್ತು. ಈಗ ಅದೇ ಸಾಲು ನಿಧಾನವಾಗಿ ಹರಡಿಕೊಂಡು, ಪ್ರತಿ ಸಲವೂ ಇನ್ನಷ್ಟು ಮೇಲಕ್ಕೆ ಹತ್ತುತ್ತಾ, ಕೊನೆಗೆ ಒಂದು ದೊಡ್ಡ ಪೈಪ್ ಆರ್ಗನ್ನಿನ ಘೋಷಕ್ಕೆ ಜಾಗ ಬಿಡುತ್ತದೆ.

ಆ ಆರ್ಗನ್ ಸ್ಟುಡಿಯೋದ್ದಲ್ಲ. ಲಂಡನ್ನಿನ ಬಾರ್ಬಿಕನ್ ಬಡಾವಣೆಯಲ್ಲಿರುವ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನ ಆರ್ಗನ್ನನ್ನು ವೇಕ್‌ಮನ್ ನುಡಿಸಿದ. ಕವಿ ಮಿಲ್ಟನ್‌ನನ್ನು ಮಣ್ಣು ಮಾಡಿದ ಚರ್ಚು ಅದು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಹಾಳಾಗಿ ಮತ್ತೆ ಎದ್ದು ನಿಂತದ್ದು. ಕಲ್ಲಿನ ಕಟ್ಟಡದ ಒಳಗಿನ ಗಾಳಿ ಆ ಧ್ವನಿಯಲ್ಲಿ ಸೇರಿಕೊಂಡಿದೆ, ಯಾವ ಯಂತ್ರವೂ ಅದನ್ನು ಹುಟ್ಟಿಸಲಾರದು. ಆರ್ಗನ್ ತುತ್ತತುದಿಗೆ ಏರಿದಾಗ ಸಿಂಥಸೈಸರ್ ಅದನ್ನು ಸೀಳಿಕೊಂಡು ಬರುತ್ತದೆ, ನಾಲ್ಕನೆಯ ಭಾಗ ಶುರುವಾಗುತ್ತದೆ. ಆರಂಭದ ಗದ್ದಲದ ನಡೆ ಮರಳಿದೆ. ಆದರೆ ಈಗ ಅದು ನಮಗೆ ಅಪರಿಚಿತವಲ್ಲ. ಅದರ ಮೇಲೆ ಹ್ಯಾಮಂಡ್ ಆರ್ಗನ್ ಖುಷಿಯಿಂದ ಓಡುತ್ತದೆ. ಚರಣದ ಧಾಟಿ ಕೊನೆಯ ಬಾರಿಗೆ ಬಂದಾಗ ಇಡೀ ತಂಡ ಅದರ ಹಿಂದೆ ಒಂದೇ ದಿಕ್ಕಿನಲ್ಲಿ ನಿಂತಿರುತ್ತದೆ. ಅಷ್ಟು ಹೊತ್ತು ಬೇರೆ ಬೇರೆ ದಾರಿ ಹಿಡಿದಿದ್ದ ಐವರೂ ಕೂಡಿಕೊಳ್ಳುತ್ತಾರೆ, ಗಾಯಕರು ಆ ಏರುವ ಸಾಲನ್ನು ತುಂಬುಗಂಠದಲ್ಲಿ ಹಾಡುತ್ತಾರೆ. ಇದನ್ನು ನೇರವಾಗಿ ಹದಿನೇಳನೆಯ ನಿಮಿಷಕ್ಕೆ ಹೋಗಿ ಕೇಳಿ ನೋಡಿ: ಚೆನ್ನಾಗಿದೆ ಅನ್ನಿಸುತ್ತದೆ, ಅಷ್ಟೇ. ಮೊದಲಿನಿಂದ ಬಂದವರಿಗೆ ಕಣ್ಣು ತೇವವಾಗುತ್ತದೆ.

ಹಾಡಿನ ತುಂಬ ನದಿಯೊಂದು ಹರಿಯುತ್ತದೆ. ಅದಕ್ಕೆ ಎರಡು ಮೂಲಗಳು. ಒಂದು ಥೇಮ್ಸ್: ಲಂಡನ್ನಿನ ಬ್ಯಾಟರ್‌ಸಿಯಲ್ಲಿ ಆ ನದಿಯ ಪಕ್ಕ ವಾಸವಾಗಿದ್ದ ದಿನಗಳು ತನ್ನ ಸಾಲುಗಳಿಗೆ ಕಾರಣ ಎಂದು ಹೌ ಹೇಳಿಕೊಂಡಿದ್ದಾನೆ. ಇನ್ನೊಂದು ಹರ್ಮನ್ ಹೆಸ್ಸೆಯ 1922ರ ಕಾದಂಬರಿ 'ಸಿದ್ಧಾರ್ಥ', ಆ್ಯಂಡರ್ಸನ್ ಆಗ ಓದಿ ತಲೆಯಲ್ಲಿ ತುಂಬಿಕೊಂಡಿದ್ದ ಪುಸ್ತಕ. ಎಲ್ಲ ಗುರುಗಳನ್ನೂ ಎಲ್ಲ ಸುಖಗಳನ್ನೂ ದಾಟಿಬಂದ ಸಿದ್ಧಾರ್ಥ ಕೊನೆಗೆ ಅಂಬಿಗನಾದ ವಾಸುದೇವನ ಬಳಿ ನದಿಗೆ ಕಿವಿಗೊಡುವುದನ್ನು ಕಲಿಯುತ್ತಾನೆ. ನಗು, ಅಳು, ಹುಟ್ಟು, ಸಾವು ಎಲ್ಲದರ ದನಿಗಳನ್ನೂ ಅದರಲ್ಲಿ ಒಟ್ಟಿಗೆ ಕೇಳಿದಾಗ ಅವನಿಗೆ ಓಂಕಾರ ಕೇಳಿಸುತ್ತದೆ. ಅರವತ್ತರ ದಶಕದಲ್ಲಿ ಪಶ್ಚಿಮದ ಯುವಕರು ಈ ಪುಸ್ತಕವನ್ನು ಮುಗಿಬಿದ್ದು ಓದಿದರು. ಶಶಿ ಕಪೂರ್ ಸಿದ್ಧಾರ್ಥನಾಗಿ ನಟಿಸಿದ ಕಾನ್ರಾಡ್ ರುಕ್ಸ್ ನಿರ್ದೇಶನದ ಸಿನಿಮಾ ಬಂದದ್ದೂ 1972ರಲ್ಲೇ.

ಇಲ್ಲಿ ನಮ್ಮ ಕರಾವಳಿಯ ಒಂದು ಎಳೆ ತಾನಾಗಿ ಬಂದು ಸೇರುತ್ತದೆ. ಹೆಸ್ಸೆಯ ತಾಯಿ ಮರೀ ಗುಂಡರ್ಟ್ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ. ಅವಳ ತಂದೆ ಹರ್ಮನ್ ಗುಂಡರ್ಟ್ ಬಾಸೆಲ್ ಮಿಶನ್ನಿನ ಪಾದ್ರಿ. ಮಂಗಳೂರಿನಲ್ಲಿ 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್‌ನ ಸಮಕಾಲೀನ, ಮುಂದೆ ಮೋಗ್ಲಿಂಗನ ಜೀವನ ಚರಿತ್ರೆಯನ್ನೂ ಬರೆದವನು. 1857ರಲ್ಲಿ ಮಲಬಾರ್ ಮತ್ತು ಕೆನರಾ ಶಾಲೆಗಳ ಇನ್ಸ್‌ಪೆಕ್ಟರ್ ಆಗಿಯೂ ನೇಮಕಗೊಂಡ. ಅವನ ಹೆಸರಾಂತ ಮಲಯಾಳಂ-ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದು 1872ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಕಿಟ್ಟೆಲ್‌ರ ಕನ್ನಡ ನಿಘಂಟು 1894ರಲ್ಲಿ ಬಂದದ್ದೂ ಅಲ್ಲಿಂದಲೇ. ಹೆಸ್ಸೆ ಬಾಲ್ಯದಲ್ಲಿ ಈ ಅಜ್ಜನ ಮನೆಯ ಪುಸ್ತಕಗಳ ನಡುವೆ, ಭಾರತದಿಂದ ಬಂದ ವಸ್ತುಗಳ ನಡುವೆ ಬೆಳೆದ. 1911ರಲ್ಲಿ ಪೂರ್ವದೇಶಗಳಿಗೆ ಹಡಗು ಹತ್ತಿದರೂ ಸಿಲೋನ್, ಸುಮಾತ್ರಗಳನ್ನು ನೋಡಿ ಭಾರತದ ನೆಲ ಮೆಟ್ಟದೆ ಹಿಂತಿರುಗಿದ. ಅಜ್ಜನ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ನೂರು ವರ್ಷ ತುಂಬಿದಾಗ ಮೊಮ್ಮಗನ ಕಾದಂಬರಿಯ ನದಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಹರಿಯುತ್ತಿತ್ತು.

ಆ್ಯಂಡರ್ಸನ್ ಕಾದಂಬರಿಯ ಕಥೆಯನ್ನು ಹಾಡಾಗಿಸಲಿಲ್ಲ. ಅವನ ಸಾಹಿತ್ಯ ಅರ್ಥಕ್ಕಿಂತ ನಾದವನ್ನು ನಂಬಿದ್ದು. ಪದಗಳನ್ನು ಅವುಗಳ ಸದ್ದಿಗಾಗಿ, ಬಾಯಲ್ಲಿ ಅವು ಉರುಳುವ ರೀತಿಗಾಗಿ ಆರಿಸಿಕೊಳ್ಳುತ್ತಾನೆ. ಇದೇ ಈ ಹಾಡಿನ ಮೇಲೆ ಬಂದಿರುವ ದೊಡ್ಡ ಆಕ್ಷೇಪ: ಇದರಲ್ಲಿ ಅರ್ಥವೇ ಇಲ್ಲ, ಶಬ್ದಾಡಂಬರ ಅಷ್ಟೇ ಎನ್ನುವವರಿದ್ದಾರೆ. ಭಾವಗೀತೆಯಂತೆ ಸಾಲು ಸಾಲಿಗೂ ಅರ್ಥ ಬಿಡಿಸಲು ಹೊರಟರೆ ಆ ಆಕ್ಷೇಪ ನಿಜವೆನಿಸಬಹುದು. ಆದರೆ ತೋಡಿಯ ಆಲಾಪನೆಯಲ್ಲಿ ಬರುವ ತದರಿನಕ್ಕೆ ನಾವು ಅರ್ಥ ಕೇಳುವುದಿಲ್ಲ. ಹೆಸ್ಸೆಯ ಪುಸ್ತಕದಿಂದ ಆ್ಯಂಡರ್ಸನ್ ತೆಗೆದುಕೊಂಡದ್ದು ಒಂದು ಆಕಾರವನ್ನು: ಹಲವು ದನಿಗಳು ಕಲಹದಿಂದ ಶುರುವಾಗಿ ಒಂದು ನಾದಕ್ಕೆ ಬಂದು ಸೇರುವ ಆಕಾರ. ಆ ಆಕಾರವನ್ನು ಹಾಡಿನ ಮಾತಿಗಿಂತ ಹೆಚ್ಚಾಗಿ ಅದರ ಸಂಗೀತವೇ ಹೇಳುತ್ತದೆ. ಆ್ಯಂಡರ್ಸನ್ ಆಗ ಫಿನ್ಲೆಂಡಿನ ಸಿಬೇಲಿಯಸ್‌ನ ಸಿಂಫೊನಿಗಳನ್ನು ಬಹಳ ಕೇಳುತ್ತಿದ್ದ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಚಿಕ್ಕ ಬೀಜದಿಂದ ಇಡೀ ಕೃತಿ ಬೆಳೆಯುವ ಬಗೆಯನ್ನು ಸಿಬೇಲಿಯಸ್‌ನಿಂದ ಕಲಿಯಬಹುದು.

ಇನ್ನು ಅಚ್ಚರಿಯ ವಿಷಯ. ಎಲ್ಲೂ ತಡೆಯದೆ ಹರಿಯುವ ಈ ನದಿಯನ್ನು ಐವರೂ ಒಮ್ಮೆಯೂ ಉದ್ದಕ್ಕೆ ನುಡಿಸಿ ಮುದ್ರಿಸಲಿಲ್ಲ. ಅದು ತುಣುಕು ತುಣುಕಾಗಿ ಹುಟ್ಟಿತು. 1972ರಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನ ಒಂದು ನೃತ್ಯಶಾಲೆಯಲ್ಲಿ ತಾಲೀಮು ನಡೆಯಿತು. ಇಂದು ಕಟ್ಟಿದ ಭಾಗ ನಾಳೆ ಮರೆತುಹೋಗುವಷ್ಟು ಜಟಿಲವಾಗಿರುತ್ತಿದ್ದುದರಿಂದ ತಾಲೀಮನ್ನೂ ಟೇಪಿನಲ್ಲಿ ಹಿಡಿದಿಡಬೇಕಾಯಿತು. ಆಮೇಲೆ ಆಡ್‌ವಿಷನ್ ಸ್ಟುಡಿಯೋದಲ್ಲಿ ಎಂಜಿನಿಯರ್ ಎಡಿ ಆಫರ್ಡ್ ಜೊತೆ ಕೆಲಸ. ಆಫರ್ಡ್ ಸ್ಟುಡಿಯೋದೊಳಗೇ ಮರದ ಒಂದು ವೇದಿಕೆ ಹಾಕಿಸಿ ತಂಡವನ್ನು ಅದರ ಮೇಲೆ ನಿಲ್ಲಿಸಿದ. ಬ್ರೂಫರ್ಡ್‌ನ ಡ್ರಮ್ಸ್ ಆ ಹಲಗೆಗಳ ಮೇಲೆ ಚೆನ್ನಾಗಿ ಅನುರಣಿಸುತ್ತಿತ್ತು. ಕೆಲವೇ ಮಾತ್ರೆಗಳ ಒಂದು ತುಂಡನ್ನು ಸರಿಯೆನಿಸುವವರೆಗೆ ಮತ್ತೆ ಮತ್ತೆ ನುಡಿಸುವುದು, ಚೆನ್ನಾಗಿ ಬಂದದ್ದನ್ನು ಬ್ಲೇಡಿನಿಂದ ಕತ್ತರಿಸುವುದು, ಹಿಂದಿನ ತುಂಡಿಗೆ ಅಂಟಿಸುವುದು, ಮುಂದಿನದಕ್ಕೆ ಹೋಗುವುದು. ಹೀಗೆ ಕೌದಿ ಹೊಲಿದಂತೆ ಬೆಳೆದ ಹಾಡು ಇದು. ಒಮ್ಮೆ ಬೇಕಾದ ಟೇಪಿನ ತುಂಡನ್ನೇ ಸ್ಟುಡಿಯೋ ಗುಡಿಸುವವರು ಕಸವೆಂದು ಎಸೆದುಬಿಟ್ಟರೆಂದೂ, ಎಲ್ಲರೂ ಹೊರಗೆ ಹೋಗಿ ಕಸದ ತೊಟ್ಟಿ ತಡಕಿ ಅದನ್ನು ತಂದು ಅಂಟಿಸಿದರೆಂದೂ ಆ ದಿನಗಳ ಕಥೆಯಿದೆ.

ಈ ರೀತಿ ಎಲ್ಲರಿಗೂ ಹಿಡಿಸಲಿಲ್ಲ. ಬ್ರೂಫರ್ಡ್ ಮ್ಯಾಕ್ಸ್ ರೋಚ್, ಆರ್ಟ್ ಬ್ಲೇಕಿ ಮೊದಲಾದ ಜಾಝ್ ಡ್ರಮ್ಮರುಗಳನ್ನು ಕೇಳಿ ಬೆಳೆದವನು. ನುಡಿಸಬೇಕು, ಅಲ್ಲಿಗೇ ಮುಗಿಯಬೇಕು ಎನ್ನುವವನು. ಅವನಿಗೆ ಪ್ರತಿ ಸ್ವರದ ಮೇಲೂ ಚರ್ಚೆ, ಪ್ರತಿ ತಿರುವಿಗೂ ಮತದಾನ ಅಸಹನೀಯವಾಗಿತ್ತು. ತಾನು ಸ್ಟುಡಿಯೋದ ಸೋಫಾ ಮೇಲೆ ನಿದ್ದೆಹೋಗಿ ಗಂಟೆಗಳ ಮೇಲೆ ಎದ್ದಾಗಲೂ ಸ್ಕ್ವಯರ್ ಅದೇ ಕುರ್ಚಿಯಲ್ಲಿ ಕೂತು ಅದೇ ಗುಂಡಿಗಳನ್ನು ತಿರುಗಿಸುತ್ತಿದ್ದುದನ್ನು ಅವನು ಬರೆದಿದ್ದಾನೆ. ಇಬ್ಬರ ಸ್ವಭಾವ ಅಷ್ಟು ಬೇರೆ. ಹಾಗಿದ್ದೂ ಆ ಜೋಡಿಯ ವಾದನವೇ ಈ ಆಲ್ಬಮ್ಮಿನ ಬೆನ್ನೆಲುಬು. ಸ್ಕ್ವಯರ್ ರಿಕನ್‌ಬ್ಯಾಕರ್ ಬೇಸ್ ಗಿಟಾರನ್ನು ಬೆರಳಿನಿಂದಲ್ಲ, ಪ್ಲೆಕ್ಟ್ರಮ್‌ನಿಂದ ಮೀಟುತ್ತಾನೆ. ಅದರ ಮಂದ್ರ ಒಂದು ಆಂಪ್ಲಿಫೈಯರಿಗೆ, ತಾರ ಇನ್ನೊಂದಕ್ಕೆ ಹೋಗುವ ವ್ಯವಸ್ಥೆ. ಹೀಗಾಗಿ ಅವನ ಬೇಸ್ ಹಿಂದೆ ಗುಮ್ಮೆನ್ನುತ್ತಾ ಕೂರುವುದಿಲ್ಲ, ಮುಂದೆ ಬಂದು ಮಾತಾಡುತ್ತದೆ. ಬ್ರೂಫರ್ಡ್‌ನ ಸ್ನೇರ್ ಡ್ರಮ್ಮಿನ ಪೆಟ್ಟು ಚೊಕ್ಕ, ಬಿಗಿ. ಅದು ಎಲ್ಲಿ ಬೀಳುತ್ತದೆ ಎನ್ನುವಷ್ಟೇ ಎಲ್ಲಿ ಬೀಳುವುದಿಲ್ಲ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎರಡನೆಯ ಭಾಗದಲ್ಲಿ ಇವರಿಬ್ಬರನ್ನು ಮಾತ್ರ ಕಿವಿಯಲ್ಲಿ ಹಿಡಿದು ಕೇಳಿದರೆ ಹಾಡೇ ಬೇರೆಯಾಗಿ ತೋರುತ್ತದೆ. ಒಬ್ಬ ಜಾಗ ಬಿಟ್ಟಲ್ಲಿ ಇನ್ನೊಬ್ಬ ಕಾಲಿಡುತ್ತಾನೆ, ಡಿಕ್ಕಿ ಹೊಡೆಯುವುದೇ ಇಲ್ಲ.

ಹೌ ಬಗ್ಗೆಯೂ ಒಂದು ಮಾತು. ಅವನದು ರಾಕ್ ಗಿಟಾರಿನ ಮಾಮೂಲಿ ಭಾಷೆಯಲ್ಲ. ಕಂಟ್ರಿ, ಜಾಝ್, ಸ್ಪ್ಯಾನಿಷ್ ಗಿಟಾರ್ ಎಲ್ಲದರ ಚಹರೆಗಳು ಅವನ ಬೆರಳಿನಲ್ಲಿವೆ. ಈ ಆಲ್ಬಮ್ಮಿನಲ್ಲಿ ಅವನು ಎಲೆಕ್ಟ್ರಿಕ್ ಸಿತಾರನ್ನೂ ಬಳಸಿದ್ದಾನೆ. ಹೆಸರು ಸಿತಾರ್ ಆದರೂ ಅದು ಗಿಟಾರಿನ ಹಾಗೇ ಹಿಡಿದು ನುಡಿಸುವ, ತಂತಿ ಝೇಂಕರಿಸುವಂತೆ ಕುದುರೆಯನ್ನು ಬದಲಿಸಿದ ಅಮೆರಿಕನ್ ವಾದ್ಯ. ಆ ಕಾಲದ ಅನೇಕರು ಅದನ್ನು ಪೂರ್ವದ ವಾಸನೆ ಹಚ್ಚಲು ಬಳಸಿ ಬಿಟ್ಟರು. ಹೌ ಅಂಥ ಆಸೆಗೆ ಬೀಳುವುದಿಲ್ಲ. ರಾಗದ ಅನುಕರಣೆಗೆ ಹೋಗದೆ ಆ ಝೇಂಕಾರವನ್ನು ಒಂದು ಬಣ್ಣವಾಗಿ ಮಾತ್ರ ತೆಗೆದುಕೊಂಡ. ಸಿದ್ಧಾರ್ಥನ ಹೆಸರಿನಲ್ಲಿ ಸಿತಾರ್, ತಬಲಾ ತುಂಬುವ ದಾರಿ ಸುಲಭವಾಗಿ ಮುಂದಿತ್ತು. ತಂಡ ಆ ಕಡೆ ಹೋಗದೆ ತನ್ನದೇ ಚರ್ಚಿನ ಆರ್ಗನ್ನನ್ನು ಆರಿಸಿಕೊಂಡದ್ದಕ್ಕೆ ನನಗೆ ಈ ತಂಡದ ಮೇಲೆ ವಿಶೇಷ ಗೌರವವಿದೆ.

ತಟ್ಟೆ ಮಗುಚಿದರೆ 'ಆ್ಯಂಡ್ ಯು ಆ್ಯಂಡ್ ಐ'. ಹೌ ಹನ್ನೆರಡು ತಂತಿಯ ಗಿಟಾರಿನಲ್ಲಿ ಶ್ರುತಿ ನೋಡಿಕೊಳ್ಳುತ್ತಿರುವಂತೆ ಗಂಟೆಯಂಥ ಕೆಲವು ಸ್ವರಗಳನ್ನು ಬಿಡಿಸುತ್ತಾನೆ, ಅದೇ ಹಾಡಾಗಿಬಿಡುತ್ತದೆ. ಮೊದಲ ಮಗ್ಗುಲಿನ ಬಿರುಸಿನ ನಂತರ ಇದು ಜಾನಪದದ ಧಾಟಿಯ ತಿಳಿಹಾಡು. ನಡುವೆ ಮೆಲೊಟ್ರಾನ್ ಮತ್ತು ಸ್ಟೀಲ್ ಗಿಟಾರ್ ಒಟ್ಟಾಗಿ ಎದ್ದಾಗ ಮಾತ್ರ ಛಾವಣಿ ತೆರೆದಂತಾಗುತ್ತದೆ. ಮೆಲೊಟ್ರಾನ್ ಎಂದರೆ ಪ್ರತಿ ಮನೆಗೂ ಒಂದೊಂದು ಟೇಪಿನ ಪಟ್ಟಿಯಿದ್ದು, ಒತ್ತಿದಾಗ ಮುದ್ರಿತ ಪಿಟೀಲುಗಳ ಅಥವಾ ಕೊಳಲುಗಳ ದನಿ ಹೊರಡಿಸುವ ಕೀಬೋರ್ಡು. ಟೇಪು ಓಡುವಷ್ಟೇ ಹೊತ್ತು ಸ್ವರ ನಿಲ್ಲುತ್ತದೆ, ಕೊಂಚ ನಡುಗುತ್ತದೆ ಕೂಡ. ಆ ನಡುಕದಲ್ಲೇ ಅದರ ಚೆಲುವು. ಪ್ರೇಮಗೀತೆಯೋ ಪ್ರಾರ್ಥನೆಯೋ ಎಂದು ಹೇಳಲಾಗದ ಈ ಹಾಡು, ಆಲ್ಬಮ್ಮಿಗೆ ಹೊಸಬರಾದವರು ಮೊದಲು ಕೇಳಬೇಕಾದದ್ದು.

ಕೊನೆಯದು 'ಸೈಬೀರಿಯನ್ ಖಾತ್ರು'. ಮೂರರಲ್ಲಿ ಇದೇ ಹೆಚ್ಚು ರಾಕ್. ಇದರ ಮುಖ್ಯ ನಡೆ ಹದಿನೈದರ ಲೆಕ್ಕದ್ದು. ಒಮ್ಮೆ ಎಂಟು, ಒಮ್ಮೆ ಏಳು ಎಂದು ಎಣಿಸಿಕೊಂಡರೆ ಕೈಗೆ ಸಿಗುತ್ತದೆ. ಮಿಶ್ರ ನಡೆ ಕೇಳಿ ಗೊತ್ತಿರುವ ನಮಗೆ ಇದು ಬೆಚ್ಚಿಬೀಳುವ ಸಂಗತಿಯಲ್ಲ, ಆದರೆ ಕುಣಿಯುತ್ತಿರುವ ಕಾಲನ್ನು ಒಂದು ಅರೆಮಾತ್ರೆ ಮೊದಲೇ ಎತ್ತಿಸುವ ಆ ತುಂಟತನದ ಸೊಗಸೇ ಬೇರೆ. ನಡುವೆ ವೇಕ್‌ಮನ್ ಹಾರ್ಪ್ಸಿಕಾರ್ಡ್ ನುಡಿಸುತ್ತಾನೆ. ಹದಿನೆಂಟನೆಯ ಶತಮಾನದ ಅರಮನೆಗಳ ವಾದ್ಯ ಎಲೆಕ್ಟ್ರಿಕ್ ಗಿಟಾರಿನ ಪಕ್ಕದಲ್ಲಿ ಯಾವ ಅಳುಕೂ ಇಲ್ಲದೆ ಕೂತಿರುತ್ತದೆ.

ರೋಜರ್ ಡೀನ್ ಮಾಡಿದ ಹೊದಿಕೆಯ ಹೊರಗೆ ಕಪ್ಪಿನಿಂದ ತಿಳಿಹಸಿರಿಗೆ ಕರಗುವ ಬಣ್ಣ, ಬಳ್ಳಿಯಾಗಿ ಸುತ್ತಿಕೊಂಡ ತಂಡದ ಹೆಸರು. ಆ ಅಕ್ಷರವಿನ್ಯಾಸ ಮೊದಲು ಕಾಣಿಸಿಕೊಂಡದ್ದು ಇಲ್ಲೇ, ಮುಂದೆ ತಂಡದ ಗುರುತೇ ಆಯಿತು. ಮಡಿಕೆ ಬಿಡಿಸಿದರೆ ಒಳಗೆ ಬೆಟ್ಟದ ನೆತ್ತಿಯ ಸರೋವರ, ಅದರ ಅಂಚಿನಿಂದ ಸುತ್ತಲೂ ಧುಮುಕುತ್ತಲೇ ಇರುವ ನೀರು.

ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೂರನೆಯ, ಬ್ರಿಟನ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಅಷ್ಟರಲ್ಲಿ ಬ್ರೂಫರ್ಡ್ ತಂಡದಲ್ಲಿರಲಿಲ್ಲ. ಮುದ್ರಣ ಮುಗಿದ ಬೆನ್ನಿಗೇ ಅವನು ಕಿಂಗ್ ಕ್ರಿಮ್ಸನ್ ಸೇರಿದ. ಇದಕ್ಕಿಂತ ಮೇಲೆ ಈ ತಂಡ ಹೋಗಲಾರದು ಎಂಬುದು ಅವನ ಲೆಕ್ಕಾಚಾರ, ಹಣ ಮತ್ತು ಹೆಸರು ಎರಡೂ ಕೈಗೆ ಬರುವ ಹೊತ್ತಿನಲ್ಲಿ ಎದ್ದು ನಡೆದದ್ದು ಅವನ ದಿಟ್ಟತನ. ಜಾನ್ ಲೆನನ್ ಜೊತೆ ನುಡಿಸಿದ್ದ ಆ್ಯಲನ್ ವೈಟ್ ಆ ಜಾಗಕ್ಕೆ ಬಂದ. ಮೂರೇ ದಿನದಲ್ಲಿ ಇಡೀ ಕಛೇರಿಯ ಹಾಡುಗಳನ್ನು ಕಲಿತು ಜುಲೈ ಕೊನೆಗೆ ಅಮೆರಿಕದ ಡಾಲಸ್‌ನಲ್ಲಿ ವೇದಿಕೆ ಹತ್ತಿದ. ತುಂಡು ತುಂಡಾಗಿ ಅಂಟಿಸಿ ಮಾಡಿದ ಹಾಡನ್ನು ಅವನು, ಅವನೊಡನೆ ಉಳಿದ ನಾಲ್ವರೂ, ಈಗ ಒಂದೇ ಉಸಿರಿನಲ್ಲಿ ನುಡಿಸಬೇಕಿತ್ತು. ನುಡಿಸಿದರು. 1973ರ 'ಯೆಸ್‌ಸಾಂಗ್ಸ್' ಎಂಬ ಮೂರು ತಟ್ಟೆಗಳ ಕಛೇರಿ ಮುದ್ರಿಕೆಯಲ್ಲಿ ಈ ಆಲ್ಬಮ್ಮಿನ ಮೂರೂ ಹಾಡುಗಳಿವೆ. ವೈಟ್‌ನ ಪೆಟ್ಟು ಬ್ರೂಫರ್ಡ್‌ನದ್ದಕ್ಕಿಂತ ಭಾರ, ನೇರ. ಶೀರ್ಷಿಕೆ ಹಾಡು ಅಲ್ಲಿ ಬಿರುಸಾಗಿದೆ, ಆದರೆ ಸ್ಟುಡಿಯೋದ ಸೂಕ್ಷ್ಮ ಒಂದಿಷ್ಟು ಕಳೆದಿದೆ. 'ಆ್ಯಂಡ್ ಯು ಆ್ಯಂಡ್ ಐ' ಮಾತ್ರ ವೇದಿಕೆಯ ಮೇಲೇ ಹೆಚ್ಚು ಅರಳಿದೆ ಎಂದು ನನಗನಿಸುತ್ತದೆ.

ಮುಂದೆ ತಂಡ ಇನ್ನೂ ದೊಡ್ಡದಕ್ಕೆ ಕೈಹಾಕಿತು. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಿಂದ ಹೊರಟು, ನಾಲ್ಕು ಮಗ್ಗುಲಿಗೆ ನಾಲ್ಕೇ ಹಾಡುಗಳ 'ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಶನ್ಸ್' ಅನ್ನು 1973ರಲ್ಲಿ ತಂದಿತು. ಅದರಲ್ಲಿ ಉದ್ದವಿದೆ, ಚೆಂದದ ಗಳಿಗೆಗಳೂ ಇವೆ. ಆದರೆ ಹೋದ ಧಾಟಿ ಯಾವಾಗ ಮರಳಬೇಕು, ಮರಳುವ ಮುನ್ನ ಎಷ್ಟು ಹೊತ್ತು ಕಾಯಿಸಬೇಕು ಎಂಬ ಅಳತೆ ಕೈತಪ್ಪಿದೆ. ವೇಕ್‌ಮನ್ ಅದರ ನಂತರ ತಂಡ ಬಿಟ್ಟ.

ಈಗ ಕೇಳಲು ಹೊರಡುವವರಿಗೆ 1972ರ ಮೂಲ ಮಿಶ್ರಣ ಸಿಗುತ್ತದೆ, ಸಂಗೀತಗಾರ ಸ್ಟೀವನ್ ವಿಲ್ಸನ್ ಹಳೆಯ ಟೇಪುಗಳಿಂದ 2013ರಲ್ಲಿ ಮಾಡಿದ ಹೊಸ ಮಿಶ್ರಣವೂ ಸಿಗುತ್ತದೆ. ಮೊದಲ ಸಲಕ್ಕೆ ನಾನು ಹೇಳುವುದು ಮೂಲವನ್ನೇ. ಬಿಡಿಬಿಡಿಯಾಗಿ ಯಾರು ಏನು ಮಾಡುತ್ತಿದ್ದಾರೆಂದು ತಿಳಿಯುವ ಆಸೆ ಹುಟ್ಟಿದ ಮೇಲೆ ವಿಲ್ಸನ್‌ನದನ್ನು ಹಾಕಿಕೊಳ್ಳಿ. ಅದರಲ್ಲಿ ಮೂರನೆಯ ಭಾಗದ ಹಿನ್ನೆಲೆಯ ಎರಡು ಕಂಠಗಳು ಇನ್ನೂ ಬಿಡಿಯಾಗಿ ಕೇಳುತ್ತವೆ, ಆ್ಯಂಡರ್ಸನ್‌ನನ್ನು ಪಕ್ಕಕ್ಕಿಟ್ಟು ಅವನ್ನಷ್ಟೇ ಹಿಂಬಾಲಿಸಿ ಹೋಗಬಹುದು. ಯಾವುದನ್ನು ಕೇಳಿದರೂ ಶುರುವಿನ ಆ ಎರಡು ನಿಮಿಷವನ್ನು ಹಾರಿಸಬೇಡಿ.